ಕಕ್ಕಸಿನ ಬಾಗಿಲ ನೋಟೀಸು

ಗುಂಡ್ಲುಪೇಟೆಯ ಶಿವರುದ್ರಸ್ವಾಮಿಯವರು ಬಾಡಿಗೆ ಏರಿಸಬೇಕೆಂದರೆ ಕಕ್ಕಸಿನ ಬಾಗಿಲು ಕೀಳಿಸುತ್ತಿದ್ದರು.

ಅದೇ ಅವರ ನೋಟೀಸು. ಬೇರೆ ಮಾಲೀಕರು ಕಾಗದ ಕೊಡುತ್ತಾರಂತೆ, ಪೆನ್ನು ಇಂಕು ಖರ್ಚು ಮಾಡುತ್ತಾರಂತೆ, ಪಾಪ. ಸ್ವಾಮಿಯವರು ಅಂಥ ದುಂದುಗಾರರಲ್ಲ. ಅವರ ಈರುಳ್ಳಿ ಗೋಡೌನಿನ ಬೆನ್ನಿಗೆ ಆರು ಮನೆಗಳ ಒಂದು ಸಾಲಿತ್ತು. ಮನೆ ಎಂದು ಬಾಯಲ್ಲಿ ಹೇಳುವುದು, ಅಷ್ಟೆ. ಒಳಗೆ ಮಲಗಿದವನು ಕಾಲು ಚಾಚಿದರೆ ಎದುರು ಗೋಡೆ ಸಾಕು ನಿಲ್ಲಿಸು ಎನ್ನುತ್ತಿತ್ತು. ಆರು ಮನೆಗೂ ಸೇರಿ ಸಾಲಿನ ತುದಿಯಲ್ಲಿ ಒಂದು ಕಕ್ಕಸು, ಅದಕ್ಕೊಂದು ತಗಡಿನ ಬಾಗಿಲು. ವರ್ಷಕ್ಕೊಂದು ಸಲವೋ, ಅವರಿಗೆ ಮನಸ್ಸಾದಾಗಲೋ, ಗೋಡೌನಿನ ಆಳು ಶಿವಮಲ್ಲು ಬೆಳಿಗ್ಗೆ ಬಂದು ಆ ಬಾಗಿಲನ್ನು ಕೀಲಿನಿಂದ ಮೇಲೆತ್ತಿ, ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಗೋಡೌನಿನೊಳಗೆ ಚೀಲಗಳ ಪಕ್ಕ ಒರಗಿಸುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಸಾಲುಮನೆಯವರು ನೋಡಿ ತಿಳಿದುಕೊಳ್ಳಬೇಕು.

ತಿಳಿದುಕೊಳ್ಳುತ್ತಿದ್ದರು. ಗಂಡಸರು ಹೈವೇ ದಾಟಿ ಯಾವನದೋ ಹೊಲದ ಬದುವಿಗೆ ಹೋಗಿ ಬರುತ್ತಿದ್ದರು. ಹೆಂಗಸರು ಕತ್ತಲಾಗುವವರೆಗೆ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದರು. ಹಲ್ಲಿಗೂ ಒಂದು ಮಿತಿಯಿದೆ. ಅದು ಮುಗಿದ ದಿನ ಸಾಲಿನ ಹಿರಿಯಳಾದ ಮೂಗಮ್ಮ ಸ್ವಾಮಿಯವರ ದೊಡ್ಡಮನೆಗೆ ಹೋಗಿ, ಜಗುಲಿಯ ಕೆಳಗೆ ಬಿಸಿಲಲ್ಲಿ ನಿಂತು, 'ಆಗ್ಲಿ ಬುದ್ದಿ' ಎನ್ನುತ್ತಿದ್ದಳು. ಎಷ್ಟು ಏರಿತೆಂದು ಅವರು ಬೆರಳಲ್ಲಿ ತೋರಿಸುತ್ತಿದ್ದರು. ಬಾಯಿ ಕೂಡ ಖರ್ಚು ಮಾಡುತ್ತಿರಲಿಲ್ಲ. ಸಂಜೆಯೊಳಗೆ ಬಾಗಿಲು ವಾಪಸು.

ಈ ಪದ್ಧತಿ ಜನರ ರಕ್ತಕ್ಕೆ ಎಷ್ಟು ಇಳಿದಿತ್ತೆಂದರೆ, ಒಂದು ಸಲ ಬಾಗಿಲಿನ ಕೀಲು ನಿಜವಾಗಿಯೇ ಮುರಿದು, ಶಿವಮಲ್ಲು ಅದನ್ನು ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದ. ಬರೀ ರಿಪೇರಿಗೆ. ಸಾಲುಮನೆಯವರಿಗೆ ಅರ್ಥವಾಗಿಬಿಟ್ಟಿತು. ಮೂಗಮ್ಮ ಆ ಮಧ್ಯಾಹ್ನವೇ ಓಡಿಹೋಗಿ 'ಆಗ್ಲಿ ಬುದ್ದಿ' ಎಂದಳು. ಸ್ವಾಮಿಯವರಿಗೆ ಒಂದು ಗಳಿಗೆ ಏನೆಂದು ಹೊಳೆಯಲಿಲ್ಲವಂತೆ. ಹೊಳೆದ ಮೇಲೆ ಬೆರಳು ತೋರಿಸಿದರು. ತಾನಾಗಿ ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯಬಾರದಲ್ಲ. ವೆಲ್ಡಿಂಗಿನ ಖರ್ಚನ್ನೂ ಸಾಲಿನವರ ಮೇಲೆಯೇ ಹಾಕಿದರು.

ಹರದನಹಳ್ಳಿಯಿಂದ ಮಂಟೇಸ್ವಾಮಿಯ ಹೆಂಡತಿಯಾಗಿ ಈ ಸಾಲಿಗೆ ಬಂದ ಭಾಗ್ಯಳಿಗೆ ಈ ಭಾಷೆ ಗೊತ್ತಿರಲಿಲ್ಲ. ಗಂಡ ಲಾರಿಗೆ ಮೂಟೆ ತುಂಬುವವನು. ಅತ್ತೆ ಮಲ್ಲಿಗಮ್ಮ ಅದೇ ಗೋಡೌನಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೊಳೆತ ಈರುಳ್ಳಿ ಆರಿಸಿ ಆರಿಸಿ, ನೆಟ್ಟಗೆ ನಿಲ್ಲುವುದನ್ನೇ ಮರೆತವಳು. ಭಾಗ್ಯ ಹೈವೇ ಮೇಲಿನ ಬೇಕರಿಯಲ್ಲಿ ಟ್ರೇ ತೊಳೆಯುತ್ತಿದ್ದಳು. ಈಗ ಏಳು ತಿಂಗಳ ಬಸುರಿ.

ಒಂದು ಬೆಳಿಗ್ಗೆ ಚೊಂಬು ಹಿಡಿದು ಹೋದವಳು ಹಾಗೇ ತಿರುಗಿ ಬಂದಳು. ಕಕ್ಕಸಿನ ಬಾಗಿಲನ್ನು ಯಾರೋ ಕದ್ದಿದ್ದಾರೆ ಎಂದಳು. ಮಲ್ಲಿಗಮ್ಮ ತಲೆಗೂದಲು ಗಂಟು ಹಾಕಿಕೊಳ್ಳುತ್ತ, 'ಬಾಡ್ಗ ಏರ್ತು ಕಣಮ್ಮಿ' ಎಂದಳು.

ಮುದುಕಿಗೆ ತಲೆ ಕೆಟ್ಟಿರಬೇಕು ಎಂದುಕೊಂಡಳು ಭಾಗ್ಯ. ಅತ್ತೆ ಬಿಡಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಮಧ್ಯಾಹ್ನದವರೆಗೂ ಬಾಳಲಿಲ್ಲ.

ಕಕ್ಕಸಿನ ಎದುರಿಗೇ ಗೋಡೌನಿನ ಅಂಗಳ. ಕೇರಳಕ್ಕೆ ಹೋಗುವ ಲಾರಿಗಳು ಅಲ್ಲೇ ನಿಲ್ಲುತ್ತವೆ. ಡ್ರೈವರುಗಳು, ಕ್ಲೀನರುಗಳು ಅಲ್ಲೇ ಬೀಡಿ ಸೇದುತ್ತಾರೆ, ಅಲ್ಲೇ ಉಣ್ಣುತ್ತಾರೆ. ಬಾಗಿಲಿಲ್ಲದ ದಿನಗಳಲ್ಲಿ ಅವರು ಮೊಬೈಲು ನೋಡುವುದನ್ನು ಬಿಟ್ಟು ಇತ್ತಲೇ ಮುಖಮಾಡಿ ಕೂರುತ್ತಿದ್ದರು. ಭಾಗ್ಯ ತನ್ನ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಶಿವಮಲ್ಲು ಬಂದು ಅದನ್ನು ಬಿಚ್ಚಿ, ಮಡಿಸಿ, ಅವಳ ಕೈಗೆ ಕೊಟ್ಟ. ಮುಖ ನೋಡಲಿಲ್ಲ. ಸೀರೆ ಕಟ್ಟಿದರೆ ಕಟ್ಟಡದ ಅಂದ ಕೆಡುತ್ತದೆ ಎಂದು ಸಾವುಕಾರರು ಹೇಳಿದ್ದಾರೆ ಎಂದ. ಆ ಕಟ್ಟಡದ ಅಂದದ ಬಗ್ಗೆ ಸಾಲುಮನೆಯವರಿಗೆ ಅವತ್ತೇ ತಿಳಿದದ್ದು.

ಬಸುರಿಗೆ ಗಂಟೆಗೊಮ್ಮೆ ಒತ್ತುತ್ತದೆ. ಅದನ್ನು ಯಾವ ಸಾವುಕಾರನೂ ಮುಂದೂಡಲಾರ. ಬೇಕರಿಯಲ್ಲಿ ಕಕ್ಕಸಿಲ್ಲ. ಬಸ್‌ಸ್ಟ್ಯಾಂಡಿನದು ದೂರ. ಗಂಟೆಗೊಮ್ಮೆ ಅಲ್ಲಿಗೆ ನಡೆದರೆ ಟ್ರೇ ತೊಳೆಯುವವರು ಯಾರು? ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಬಾಯಾರಿದರೆ ತುಟಿ ಒದ್ದೆ ಮಾಡಿಕೊಂಡಳು. ಎರಡನೆಯ ದಿನಕ್ಕೆ ಉರಿ ಶುರುವಾಯಿತು. ಕೆಳಹೊಟ್ಟೆಗೆ ಕೆಂಡ ಕಟ್ಟಿದ ಹಾಗೆ. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಚೀಟಿಯ ಮೇಲೆ ಏನೋ ಗೀಚಿ, ಚೆನ್ನಾಗಿ ಬೈದಳು. ಬಿಂದಿಗೆಗಟ್ಟಲೆ ನೀರು ಕುಡಿಯಬೇಕು, ಒಂದು ಗಳಿಗೆಯೂ ತಡೆಯಬಾರದು, ಸೋಂಕು ಮೇಲೇರಿದರೆ ಕೂಸಿಗೇ ಅಪಾಯ, ಅಷ್ಟೂ ಬುದ್ಧಿ ಬೇಡವೇ ಎಂದಳು. ಭಾಗ್ಯ ತಲೆಯಾಡಿಸಿದಳು. ಕಕ್ಕಸಿನ ಬಾಗಿಲು ಯಾವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಬೇಕೆನಿಸಿತು.

ಅಲ್ಲಿಂದ ಬೇಕರಿಗೆ ಬಂದಾಗ ಕಾಕಾ ಗಲ್ಲಾದ ಮುಂದೆ ಮುಖ ಊದಿಸಿಕೊಂಡು ಕೂತಿದ್ದ. ಬೇಕರಿಯ ಯಜಮಾನ ಕಾಕಾ ಕೇರಳದವನು. ಬೇಕರಿಯ ಜಾಗ ಶಿವರುದ್ರಸ್ವಾಮಿಯವರದೇ. ಗಲ್ಲಾದ ಗಾಜಿನ ಮೇಲೆ ಒಂದು ಬಿಳಿ ಕಾಗದ ಬಿದ್ದಿತ್ತು. ಭಾಗ್ಯ ಕೈ ಒರೆಸಿಕೊಂಡು ಅದನ್ನು ಎತ್ತಿ ಓದಿದಳು.

ಮಾನ್ಯರೇ, ಎಂದು ಶುರುವಾಗಿತ್ತು. ಮೂರು ತಿಂಗಳ ನಂತರ ಅಂಗಡಿಯ ಬಾಡಿಗೆಯನ್ನು ಇಷ್ಟಕ್ಕೆ ಹೆಚ್ಚಿಸಲಾಗುವುದು. ತಮಗೆ ಆಗುವ ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ. ಕೆಳಗೆ ಸಹಿ, ಸೀಲು, ತಾರೀಖು.

ವಿನಂತಿ ಎಂಬಲ್ಲಿ ಅವಳು ನಿಂತಳು. ಮತ್ತೆ ಮೊದಲಿಂದ ಓದಿದಳು. ಸಹಿ ಅದೇ ಸ್ವಾಮಿಯವರದು. ಆ ಬೆರಳಿಗೆ ಬರೆಯಲು ಬರುತ್ತದೆ ಹಾಗಾದರೆ. ವಿಷಾದಿಸಲೂ ಬರುತ್ತದೆ. ನಿಮ್ಮ ಅಂಗಡಿಯ ಬಾಗಿಲು ಕಿತ್ತರೇ ಎಂದು ಕಾಕಾನನ್ನು ಕೇಳಿದಳು.

'ಡೋರಾ? ಏದು ಡೋರು?' ಎಂದ ಕಾಕಾ, ಯಾವ ಬಾಗಿಲೆಂದು ತಿಳಿಯದೆ.

ಸಾಯಂಕಾಲ ಆ ಕಾಗದದ ಸುದ್ದಿ ಸಾಲುಮನೆಯಲ್ಲೆಲ್ಲ ಹರಡಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಅಂಗಡಿಗೆ ಕಾಗದ, ನಮಗೆ ಬಾಗಿಲು. ಅವರವರ ಯೋಗ್ಯತೆ. ಮಂಟೇಸ್ವಾಮಿ ಮೂಟೆ ಹೊತ್ತು ಕೆಂಪಾದ ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಕೊಟ್ಟುಬಿಡೋಣ ಎಂದ. ಮನೆ ಹುಡುಕಿದ ಕಾಲವನ್ನು ಅವನು ಮರೆತಿರಲಿಲ್ಲ. ಮದುವೆಗೆ ಮುಂಚೆ ಊರೆಲ್ಲ ಅಲೆದಿದ್ದ. ಟು-ಲೆಟ್ ಬೋರ್ಡು ನೇತಾಡುವ ಮನೆಯವರೆಲ್ಲ ಬಹಳ ಒಳ್ಳೆಯವರು, ನೀರು ಕೊಟ್ಟು ಮಾತಾಡಿಸುವರು. ಕೊನೆಗೆ ಎಲ್ಲರದೂ ಒಂದೇ ಪ್ರಶ್ನೆ, ನೀವು ಯಾವ ಪೈಕಿ? ಪೈಕಿ ಹೇಳಿದ ಕೂಡಲೇ ಮನೆ ನಿನ್ನೆಯೇ ಬಾಡಿಗೆಗೆ ಹೋಗಿರುತ್ತಿತ್ತು. ಅವನು ಎದ್ದುಹೋದ ಮೇಲೂ ಬೋರ್ಡು ಮಾತ್ರ ಅಲ್ಲೇ ನೇತಾಡುತ್ತಿತ್ತು.

'ಈ ಮನೇನೂ ಓದ್ರ ಎಲ್ಗೋಗನ? ಕೊಟ್ಬುಡನ ಕಣ' ಎಂದ.

'ಕೊಡನ' ಎಂದಳು ಭಾಗ್ಯ. 'ಬರ್ದು ಕೊಡ್ಲಿ, ಕೊಡನ.'

ಮಾರನೆಯ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ದೊಡ್ಡಮನೆಗೆ ಹೋದಳು. ಸ್ವಾಮಿಯವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಜಗುಲಿಯ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಈರುಳ್ಳಿ ರೇಟು ನೋಡುತ್ತಿದ್ದರು. ಇವರನ್ನು ಕಂಡು ಬೆರಳು ತಯಾರು ಮಾಡಿಕೊಂಡರು. ಸಾಲಿನವರು ಜಗುಲಿಯ ಹತ್ತಿರ ಬಂದರೆಂದರೆ 'ಆಗ್ಲಿ' ಎನ್ನಲು ಬಂದರೆಂದೇ ಲೆಕ್ಕ.

'ಸಾವ್ಕಾರ್ರೆ, ಬಾಡ್ಗ ಏರ್ಸಬ್ಯಾಡಿ ಅನ್ನಾಕ ಬಂದಿಲ್ಲ' ಎಂದಳು ಭಾಗ್ಯ. 'ಬೇಕರಿಯವ್ರಿಗ ಕೊಟ್ಟಂಗ ನಮ್ಗೂ ಒಂದ್ ಕಾಗ್ದ ಕೊಡಿ. ಯಾವಾಗ್ನಿಂದ, ಎಷ್ಟು ಅಂತ ಬರೀರಿ. ಕಾಗ್ದ ಕೊಡೋರು ಬಾಗ್ಲ ಯಾಕ ಕೀಳ್ಬೇಕು? ಅದ್ನ ಆಕುಸ್ಬುಡಿ.'

ಸ್ವಾಮಿಯವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಎದುರಿಗೆ ಒಬ್ಬ ಸರಿಸಮ ಬೇಕು. ಅವರು ನಕ್ಕರು.

'ಅವ್ರು ಬಾಡ್ಗದಾರ್ರು ಕಣಮ್ಮ. ನೀವು ಇರೋರು.'

'ಇರೋರು ಅಂದ್ರ?'

'ಇರೋರು ಅಂದ್ರ ಇರೋರು. ಏನೋ ಜಾಗ ಕೊಟ್ಟಿವ್ನಿ, ಇದ್ದೀರಿ. ಅದ್ಕೆಲ್ಲ ಕಾಗ್ದ ಯಾತಕ್ಕ?'

ಕಾಗದ ಯಾತಕ್ಕಿಲ್ಲ ಎಂಬುದು ಊರಿಗೇ ಗೊತ್ತಿತ್ತು. ತಮ್ಮ ನೆಂಟರಿಷ್ಟರ ಮುಂದೆ ಸ್ವಾಮಿಯವರು ಸಾಲುಮನೆಯನ್ನು ಆಳುಗಳ ಶೆಡ್ಡು ಎಂದು ಹೇಳಿಕೊಂಡಿದ್ದರು. ಕೇರಿಯವರಿಗೆ ಮನೆ ಬಾಡಿಗೆಗೆ ಕೊಟ್ಟೆ ಎಂದರೆ ಮರ್ಯಾದೆ ಏನಾಗಬೇಕು? ಅವರಿಂದ ಬಾಡಿಗೆ ಇಸಿದುಕೊಂಡರೆ ಮರ್ಯಾದೆಗೆ ಏನೂ ಆಗುವುದಿಲ್ಲ. ಅದನ್ನು ಸ್ವಂತ ಕೈಯಲ್ಲಿ ಬರೆದುಕೊಟ್ಟರೆ ಮಾತ್ರ ಆಗುತ್ತದೆ. ನೋಟಿಗೆ ಮೈಲಿಗೆಯಿಲ್ಲ, ನೋಟೀಸಿಗೆ ಉಂಟು.

ಮಲ್ಲಿಗಮ್ಮ ಸೆರಗನ್ನು ಕೈಯಲ್ಲಿ ಹಿಡಿದುಕೊಂಡು, ಹುಡುಗಿ ಬಸುರಿ ಬುದ್ದಿ, ಗಂಟೆಗೊಂದು ಸಲ ಹೋಗಬೇಕಾಗುತ್ತದೆ, ಬಾಗಿಲನ್ನಾದರೂ ಹಾಕಿಸಿ ಎಂದು ಬೇಡಿಕೊಂಡಳು.

'ನೀರ ಕಮ್ಮಿ ಕುಡಿಯಾಕೇಳು' ಎಂದರು ಸ್ವಾಮಿಯವರು, ಮೊಬೈಲಿನಿಂದ ಕಣ್ಣೆತ್ತದೆ. 'ಕುಡುದ್ರ ತಾನೆ ಓಗದು.'

ಮಲ್ಲಿಗಮ್ಮನ ಬಾಯಿ ಮೆಲ್ಲಗೆ ತೆರೆಯಿತು. ಎಷ್ಟೋ ವರ್ಷಗಳಿಂದ ಆ ಜಗುಲಿಯ ಕೆಳಗೆ ಸಾಲಿನವರು ಆಡಿದ ಮಾತು ಒಂದೇ, ಅದೇ ನಾಲಿಗೆಯ ತುದಿಗೆ ಬಂದಿತ್ತು. ಭಾಗ್ಯ ಅತ್ತೆಯ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ ಹಿಡಿದಳು. ಮಲ್ಲಿಗಮ್ಮ ಬಾಯಿ ಮುಚ್ಚಿದಳು. ತಯಾರಾಗಿದ್ದ ಬೆರಳನ್ನು ಸ್ವಾಮಿಯವರು ಹಾಗೇ ಮಡಿಸಿಟ್ಟುಕೊಳ್ಳಬೇಕಾಯಿತು.

ಆಮೇಲಿನ ದಿನಗಳನ್ನು ಕೇಳಬೇಡಿ. ಭಾಗ್ಯ ಉರಿಯಲ್ಲಿ ಬೆಂದಳು. ಮೈ ಬಿಸಿಯೇರಿತು. ಕೂಸು ಒದೆಯುವುದು ಕಡಿಮೆಯಾದ ಹಾಗೆನಿಸಿ ಎರಡೆರಡು ಸಲ ಹೊಟ್ಟೆ ಒತ್ತಿ ನೋಡಿಕೊಂಡಳು. ಉಳಿದ ಹೆಂಗಸರು ಗೊಣಗಿದರು. ಇವಳ ಹಟಕ್ಕೆ ನಮ್ಮ ಹೊಟ್ಟೆ ಸಿಡಿಯಬೇಕೇ ಎಂದರು. ಆದರೆ ಶನಿವಾರ ಮುಸ್ಸಂಜೆ ಮೂಗಮ್ಮ ಹಳ್ಳದ ಬದಿಗೆ ಹೋಗಿ ಕೂತಾಗ ಒಬ್ಬ ಕ್ಲೀನರು ಮೊಬೈಲಿನ ಟಾರ್ಚು ಬಿಟ್ಟ. ಮೊಮ್ಮಗನ ವಯಸ್ಸಿನವನು. ಟಾರ್ಚು ಆರಿಸದೆ, ಯಾರಜ್ಜಿ ಅದು ಎಂದು ವಿಚಾರಿಸಿದ. ಮೂಗಮ್ಮ ಮನೆಗೆ ಬಂದು ಅಳಲಿಲ್ಲ. ಗೋಡೆ ನೋಡುತ್ತ ಕೂತಳು. ಆಮೇಲೆ ಭಾಗ್ಯಳ ಮನೆಯ ಹೊಸಿಲಿಗೆ ಬಂದು, ಇನ್ನು ಆ ಜಗುಲಿಯ ಕೆಳಗೆ ನಿಂತು 'ಆಗ್ಲಿ' ಅನ್ನುವವಳು ತಾನಲ್ಲ ಎಂದಳು.

ಭಾನುವಾರ ದೊಡ್ಡಮನೆಯಲ್ಲಿ ಸಡಗರ. ಸ್ವಾಮಿಯವರ ಮಗಳು ಶಿವರಂಜನಿಯನ್ನು ನೋಡಲು ಚಾಮರಾಜನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ದಿನ ಅಂಗಳ ತೊಳೆಯಲು ಹೋಗಿದ್ದ ಮಲ್ಲಿಗಮ್ಮನೇ ಸುದ್ದಿ ತಂದಿದ್ದಳು. ಬೆಳಿಗ್ಗೆ ಭಾಗ್ಯ ಬಿಂದಿಗೆಯ ಮುಂದೆ ಕೂತಳು. ಒಂದು ಚೊಂಬು ನೀರನ್ನು ಗಟಗಟನೆ ಕುಡಿದಳು. ಇನ್ನೊಂದು ಕುಡಿದಳು. ಮತ್ತೊಂದು. ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡುತ್ತಿದ್ದಳು.

'ನರ್ಸಮ್ಮ ಏಳವ್ಳ' ಎಂದಳು ಭಾಗ್ಯ, ಬಾಯಿ ಒರೆಸಿಕೊಂಡು. 'ತಡೀಬಾರ್ದಂತ. ನಡೀರಿ ಅತ್ತೆ, ಬಾಗ್ಲಿರೋ ಕಡಗ ಓಗನ.'

ಸಾಲಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಚೊಂಬು ಹಿಡಿದು ಈಚೆಗೆ ಬಂದರು. ಮಂಟೇಸ್ವಾಮಿ ನಲ್ಲಿಯ ಹತ್ತಿರ ಕೂತು ಒಂದೊಂದೇ ಚೊಂಬನ್ನು ತೆಗೆದುಕೊಂಡು, ತುಂಬಿಸಿ, ಅವರವರ ಕೈಗೆ ಕೊಟ್ಟ.

ಚೊಂಬು ಹಿಡಿದ ಹೆಂಗಸರ ಮೆರವಣಿಗೆಯನ್ನು ಗುಂಡ್ಲುಪೇಟೆ ಅವತ್ತೇ ಮೊದಲು ನೋಡಿದ್ದು. ಕಾಯಿಪಲ್ಲೆ ಗಾಡಿಯವರು ದಾರಿ ಬಿಟ್ಟರು. ದೊಡ್ಡಮನೆಯ ಮುಂದೆ ಎರಡು ಕಾರು ನಿಂತಿದ್ದವು. ಜಗುಲಿಯಲ್ಲಿ ಕುರ್ಚಿಗಳು, ಕುರ್ಚಿಗಳಲ್ಲಿ ಗಂಡಿನವರು, ಅವರ ಕೈಯಲ್ಲಿ ಉಪ್ಪಿಟ್ಟು ಕೇಸರಿಬಾತಿನ ತಟ್ಟೆ. ಸ್ವಾಮಿಯವರು ಗಂಜಿ ಹಾಕಿದ ಶರ್ಟು ತೊಟ್ಟು ತಮ್ಮ ಮನೆತನದ ವಿಷಯ ಹೇಳುತ್ತಿದ್ದರು. ಹೆಂಗಸರು ಬಂದು ಜಗುಲಿಯ ಮುಂದೆ ಸಾಲಾಗಿ ನಿಂತರು. ಮನೆತನದ ವಿಷಯ ಅರ್ಧಕ್ಕೆ ನಿಂತಿತು.

ಗಂಡಿನ ಅಜ್ಜಿ ಚಮಚ ಕೆಳಗಿಟ್ಟು, ಯಾರಿವರು ಎಂದು ಕೇಳಿದರು.

'ನಮ್ ಗೋಡೌನ್ ಆಳುಗಳು' ಎಂದರು ಸ್ವಾಮಿಯವರು. 'ಕೂಲಿಗ ಬಂದವ್ರ.'

'ಕೂಲಿಗ ಬಂದಿಲ್ಲ ಕಣವ್ವ. ಕಕ್ಕಸ್ಗ ಬಂದಿವಿ' ಎಂದಳು ಭಾಗ್ಯ.

ಅಜ್ಜಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಆದರೂ ಇನ್ನೊಂದು ಸಲ ಹೇಳಿ ಎಂಬಂತೆ ಮುಖ ಮಾಡಿದರು. ಭಾಗ್ಯ ಬಿಡಿಸಿ ಹೇಳಿದಳು.

'ನಾವು ಇವ್ರ ಮನೇಲಿ ಬಾಡ್ಗಗ ಇರೋರು. ಬಾಡ್ಗ ಏರ್ಸವ್ರ. ಬರ್ದು ಕೊಡಾದ್ ಬುಟ್ಟು ನಮ್ ಕಕ್ಕಸ್ ಬಾಗ್ಲ ಕಿತ್ಕೊಂಡು ಗೋಡೌನ್ಲಿ ಮಡಿಕೊಂಡವ್ರ. ಅದ್ಕ ಇವ್ರದ್ಕೇ ಓಗನ ಅಂತ ಬಂದಿವಿ.'

ಉಪ್ಪಿಟ್ಟು ತಿನ್ನುವವರೆಲ್ಲ ತಟ್ಟೆ ನೋಡಿಕೊಂಡರು. ಸ್ವಾಮಿಯವರು ಜಗುಲಿಯಿಂದ ಇಳಿದು ಬಂದರು. ಸಾಲುಮನೆಯವರಿಗಾಗಿ ಅವರು ಆ ಮೆಟ್ಟಿಲು ಇಳಿದದ್ದು ಅದೇ ಮೊದಲು. ಹಲ್ಲಿನ ಸಂದಿಯಲ್ಲಿ, ಬಾಗಿಲನ್ನು ಈಗಲೇ ಹಾಕಿಸುತ್ತೇನೆ, ಇಲ್ಲಿಂದ ಹೊರಡಿ ಎಂದರು. ಕಾಗದ ಎಂದಳು ಭಾಗ್ಯ. ನಾಳೆ ಬಾ ಎಂದರು.

'ನಾಳ ಗಂಟ ತಡಿಯಾಕಾಗಲ್ಲ ಸಾವ್ಕಾರ್ರೆ. ಬಾಳ ನೀರ ಕುಡ್ಕ ಬಂದಿವ್ನಿ.'

ಸ್ವಾಮಿಯವರು ಅತ್ತ ನೋಡಿದರು. ಅಜ್ಜಿ ಅವರನ್ನೇ ನೋಡುತ್ತಿದ್ದರು. ಇತ್ತ ನೋಡಿದರು. ಚೊಂಬುಗಳ ಸಾಲು ಕದಲಲಿಲ್ಲ. ಬೀದಿಯಲ್ಲಿ ಜನ ಸೇರತೊಡಗಿತ್ತು. ಒಳಗಿಂದ ಲೆಟರ್‌ಪ್ಯಾಡು ತರಿಸಿದರು. ಆರು ಮನೆಗೂ ಬೇರೆ ಬೇರೆ ಬೇಕು ಎಂದಳು ಭಾಗ್ಯ. ಜಗುಲಿಯ ತುದಿಯಲ್ಲಿ ಕೂತು, ತೊಡೆಯ ಮೇಲೆ ಪ್ಯಾಡು ಇಟ್ಟುಕೊಂಡು, ತಾರೀಖು ಹಾಕಿದರು. ತಾರೀಖಿನ ಕೆಳಗೆ ಪೆನ್ನು ನಿಂತುಬಿಟ್ಟಿತು. ಬೇಕರಿಯವನಿಗೆ ಸರಾಗವಾಗಿ ಬರೆದ ಮೊದಲ ಪದ, ಮಾನ್ಯರೇ, ಈಗ ಅವರ ಕೈಗೆ ಬರಲಿಲ್ಲ. ಪೆನ್ನನ್ನು ಒದರಿದರು. ಇಂಕಿನ ತಪ್ಪೇನಿರಲಿಲ್ಲ.

ಭಾಗ್ಯಳ ಹೊಟ್ಟೆ ಕಲ್ಲಾಗಿತ್ತು. ನಾಟಕವಲ್ಲ, ನಿಜವಾಗಿಯೂ ಇನ್ನು ತಡೆಯುವುದು ಆಗುತ್ತಿರಲಿಲ್ಲ.

'ನೀವು ಯೋಚ್ನ ಮಾಡಿ ಬರೀರಿ' ಎಂದಳು. 'ಅಷ್ಟ್ರಲ್ಲಿ ಓಗ್ ಬತ್ತಿನಿ.'

ಜಗುಲಿ ಹತ್ತಿದಳು. ಕುರ್ಚಿಗಳ ನಡುವೆ ನಡೆದಳು. ಬಾಗಿಲ ಹತ್ತಿರ ಸ್ವಾಮಿಯವರ ಹೆಂಡತಿ ಚಿಕ್ಕಮಲ್ಲಮ್ಮ ರೇಷ್ಮೆ ಸೀರೆಯಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. ನೀವೆಲ್ಲ ಒಳಗೆ ಬರುವ ಹಾಗಿಲ್ಲ ಎಂದರು.

'ಸರಿ ಕಣವ್ವ' ಎಂದಳು ಭಾಗ್ಯ. 'ಇಲ್ಲೇ ಕೂತ್ಕತಿನಿ.'

ಚೊಂಬನ್ನು ಹೊಸಿಲ ಮುಂದಿನ ರಂಗೋಲಿಯ ಪಕ್ಕ ಇಟ್ಟು ಸೀರೆಯ ನೆರಿಗೆಗೆ ಕೈ ಹಾಕಿದಳು. ಅಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮಿದರು. ಚಿಕ್ಕಮಲ್ಲಮ್ಮನ ಒಂದು ಕೈ ಕೆಳಗಿಳಿಯಿತು. ಆಮೇಲೆ ಇನ್ನೊಂದೂ ಇಳಿಯಿತು. ಜಾತಿ ದೊಡ್ಡದು ನಿಜ. ಆದರೆ ಗ್ರಾನೈಟು ಹೊಸದಾಗಿ ಹಾಕಿಸಿದ್ದು.

ಭಾಗ್ಯ ಒಳಗೆ ಹೋದಳು. ಬರಿಗಾಲಿಗೆ ನೆಲ ತಣ್ಣಗಿತ್ತು. ಎಲ್ಲಿ ಎಂದು ಅವಳು ಕೇಳಬೇಕಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಲಂಕಾರ ಮಾಡಿಕೊಂಡು ನಿಂತಿದ್ದ ಶಿವರಂಜನಿ ಅವಳ ಹೊಟ್ಟೆಯನ್ನೊಮ್ಮೆ ನೋಡಿ, ಬಲಕ್ಕೆ ಎಂದು ಮೆಲ್ಲಗೆ ಕೈ ತೋರಿಸಿದಳು.

ಅವರ ಕಕ್ಕಸಿನಲ್ಲಿ ಸಾಲುಮನೆಯ ಒಂದು ಮನೆ ಹಾಗೇ ಹಿಡಿಸುತ್ತಿತ್ತು. ಗೋಡೆಗೆಲ್ಲ ಹೂವಿನ ಟೈಲ್ಸು. ಮೂಲೆಯಲ್ಲಿ ಏನೋ ಸುವಾಸನೆ. ಬಾಗಿಲಂತೂ ಬಾಗಿಲು, ಭಾರದ ತೇಗದ ಮರದ್ದು. ಭಾಗ್ಯ ಅದನ್ನು ಮುಚ್ಚಿದಳು. ಚಿಲಕ ಎಳೆದಳು. ಒಂದೇ ಸದ್ದಿಗೆ ಲಾರಿಗಳು, ಕ್ಲೀನರುಗಳು, ಟಾರ್ಚುಗಳು ಎಲ್ಲ ಆಚೆಗೆ ಉಳಿದವು. ಕೂತಳು. ಮೊದಲು ಉರಿ ಬಂತು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಉರಿ ಹರಿದುಹೋಯಿತು. ಹೊಟ್ಟೆಯೊಳಗಿದ್ದದ್ದು ಮಗ್ಗುಲು ಬದಲಿಸಿ ಒಂದು ಸಲ ಬಲವಾಗಿ ಒದೆಯಿತು. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಬಾಗಿಲನ್ನು ಯಾರೋ ತಟ್ಟಿದರು. ಬಹಳ ಮರ್ಯಾದೆಯಿಂದ, ಒಂದೇ ಬೆರಳಲ್ಲಿ ತಟ್ಟಿದರು. ಸ್ವಾಮಿಯವರು. ಮೊದಲನೆಯ ಕಾಗದವನ್ನು ಯಾರಿಗೆ, ಹೇಗೆ ಎಂದು ಬರೆಯಲಿ ಎಂದು ಪಿಸುಗುಟ್ಟಿ ಕೇಳಿದರು.

'ಶ್ರೀಮತಿ ಮಲ್ಲಿಗಮ್ಮನವರಿಗೆ ಅಂತ ಬರೀರಿ' ಎಂದಳು ಒಳಗಿಂದ. 'ಬಾಡಿಗೆದಾರರು ಅಂತ ಕೆಳಗಡ ಆಕಿ.'

ಆಚೆ ಪೆನ್ನು ಓಡುವ ಸದ್ದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಕೇಳಿಸಿದ್ದು ಮೂಗಮ್ಮನ ದನಿ. ಅದೂ ನಡುಮನೆಯೊಳಗಿಂದ, ಬಹಳ ಹತ್ತಿರದಿಂದ.

'ಬಿರ್ನ ಬಾರಮ್ಮಿ. ಇಲ್ಲಿ ಸಾಲ್ ನಿಂತದ.'

ಭಾಗ್ಯ ಅಲ್ಲೇ ಗೋಡೆಗೆ ಬೆನ್ನು ಒರಗಿಸಿ, ಉಸಿರು ಬಿಟ್ಟು, ಇನ್ನೂ ಸ್ವಲ್ಪ ಹೊತ್ತು ಕೂತಳು. ಸ್ವಾಮಿಯವರು ಇನ್ನೂ ಐದು ಕಾಗದ ಬರೆಯುವುದಿತ್ತು.